ನೋವು ಹೋಯಿತಲ್ಲ, ಇನ್ನು ರೂಟ್ ಕೆನಾಲ್ ಯಾಕೆ?

ಪ್ರಶ್ನೆ: ನನಗೆ 47 ವರ್ಷ. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ. ಆರು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಮಾತ್ರೆ ತಗೊಳ್ತೀನಿ. ಎರಡು ತಿಂಗಳ ಹಿಂದೆ ಕೆಳಗಡೆ ಬಲಭಾಗದ ದವಡೆ ಹಲ್ಲು ವಿಪರೀತ ನೋಯುತ್ತಿತ್ತು. ರಾತ್ರಿ ಮಲಗಿದರೆ ಇನ್ನೂ ಜಾಸ್ತಿ. ಬಾಯಲ್ಲಿ ತಣ್ಣೀರು ಇಟ್ಟುಕೊಂಡರೆ ಸ್ವಲ್ಪ ಸಮಾಧಾನ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಐದು ದಿನ ಆಂಟಿಬಯೋಟಿಕ್, ನೋವಿನ ಮಾತ್ರೆ ತಗೊಂಡೆ. ನೋವು ಪೂರ್ತಿ ಹೋಯಿತು. ಈಗ ಆ ಹಲ್ಲಿನ ಪಕ್ಕ ಒಸಡಿನ ಮೇಲೆ ಒಂದು ಸಣ್ಣ ಗುಳ್ಳೆ ಬರುತ್ತದೆ, ಒಡೆಯುತ್ತದೆ, ಮತ್ತೆ ಬರುತ್ತದೆ. ನೋವಂತೂ ಇಲ್ಲ. ಹಲ್ಲಿನ ಡಾಕ್ಟರು ಎಕ್ಸ್‌ರೇ ನೋಡಿ, ರೂಟ್ ಕೆನಾಲ್ ಮಾಡಬೇಕು, ಮೂರು ಸಲ ಬರಬೇಕು, ಆಮೇಲೆ ಕ್ಯಾಪ್ ಹಾಕಬೇಕು ಎಂದರು. ನಮ್ಮ ಭಾವ ‘ಸುಮ್ನೆ ಕೀಳಿಸಿಬಿಡು, ರೂಟ್ ಕೆನಾಲ್ ಮಾಡಿಸಿದ ಹಲ್ಲು ಹೇಗಿದ್ದರೂ ಮುರಿಯುತ್ತೆ’ ಅನ್ನುತ್ತಾರೆ. ನೋವೇ ಇಲ್ಲದ ಹಲ್ಲಿಗೆ ಇಷ್ಟೆಲ್ಲ ಬೇಕಾ?

ಉತ್ತರ: ಬೇಕು. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಕಳವಳ ತಂದ ಸಾಲು ‘ನೋವು ಪೂರ್ತಿ ಹೋಯಿತು’ ಎಂಬುದೇ. ನಿಮ್ಮ ಎಕ್ಸ್‌ರೇ ನಾನು ನೋಡಿಲ್ಲ, ನೋಡಿದವರ ಮಾತೇ ಕೊನೆಯದು. ಆದರೆ ನೀವು ಬರೆದಿರುವ ಕ್ರಮ ಇದೆಯಲ್ಲ, ಮೊದಲು ರಾತ್ರಿ ನೋವು, ತಣ್ಣೀರಿಗೆ ಸಮಾಧಾನ, ಆಮೇಲೆ ಒಮ್ಮೆಲೇ ಎಲ್ಲ ನಿಶ್ಶಬ್ದ, ಆಮೇಲೆ ಗುಳ್ಳೆ, ಇದು ಹಲ್ಲಿನ ಡಾಕ್ಟರುಗಳಿಗೆ ಬಾಯಿಪಾಠವಾಗಿರುವ ಕತೆ.

ನೀವು ಕೊಬ್ಬರಿ ವ್ಯಾಪಾರದವರಾದ್ದರಿಂದ ನನಗೆ ಹೇಳುವುದು ಸುಲಭ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಗಳು ಹೊರಗಿನಿಂದ ಎಲ್ಲವೂ ಒಂದೇ ಥರ. ಆದರೆ ಚಿಪ್ಪಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೂ ಒಳಗೆ ಕೆಟ್ಟಿರುತ್ತದೆ. ನೀವು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಸಾಕು, ಗೊತ್ತಾಗುತ್ತದೆ. ನಮಗೆ ಅಲ್ಲಾಡಿಸಿ ನೋಡುವ ಅನುಕೂಲ ಇಲ್ಲ. ಅದಕ್ಕೇ ಎಕ್ಸ್‌ರೇ ತೆಗೆಯುತ್ತೇವೆ, ಹಿಡಿಕೆಯಿಂದ ಮೆಲ್ಲಗೆ ತಟ್ಟುತ್ತೇವೆ, ತಣ್ಣಗಿನದ್ದು ಮುಟ್ಟಿಸಿ ಹಲ್ಲಿಗೆ ಗೊತ್ತಾಗುತ್ತದೆಯೇ ಎಂದು ಕೇಳುತ್ತೇವೆ.

ಹಲ್ಲಿನ ಹೊರಗಿನ ಬಿಳಿ ಪದರ ಎನಾಮಲ್. ನಮ್ಮ ಮೈಯಲ್ಲಿ ಅದಕ್ಕಿಂತ ಗಟ್ಟಿ ವಸ್ತು ಇನ್ನೊಂದಿಲ್ಲ. ಅದರ ಒಳಗೆ ಡೆಂಟಿನ್. ನಟ್ಟನಡುವೆ ಮೆತ್ತಗಿನ ತಿರುಳು, ಪಲ್ಪ್ ಅನ್ನುತ್ತೇವೆ. ರಕ್ತನಾಳ, ನರ ಎಲ್ಲ ಇರುವುದು ಅದರಲ್ಲಿ. ತಿರುಳು ಬೇರುಗಳ ಒಳಗೆ ಸಣ್ಣ ಕೊಳವೆಗಳಾಗಿ ಇಳಿದು, ಬೇರಿನ ತುದಿಯ ಸೂಜಿಮೊನೆಯಂಥ ತೂತಿನಿಂದ ಹೊರಗೆ ಹೋಗಿ ದವಡೆಯ ರಕ್ತನಾಳಗಳನ್ನು ಸೇರುತ್ತದೆ. ರೂಟ್ ಅಂದರೆ ಬೇರು, ಕೆನಾಲ್ ಅಂದರೆ ಆ ಕೊಳವೆ, ಅಷ್ಟೇ. ಹೆಸರಿನಲ್ಲಿ ಹೆದರುವಂಥದ್ದು ಏನೂ ಇಲ್ಲ.

ಕೈ ಗಾಯವಾದರೆ ಊದಿಕೊಳ್ಳುತ್ತದೆ. ಊದಲು ಅಲ್ಲಿ ಜಾಗ ಇದೆ. ಹಲ್ಲಿನ ತಿರುಳಿಗೆ ಆ ಭಾಗ್ಯ ಇಲ್ಲ, ಸುತ್ತಲೂ ಗಟ್ಟಿ ಗೋಡೆ. ಹುಳುಕು ಡೆಂಟಿನ್ ದಾಟಿ ತಿರುಳಿನ ಹತ್ತಿರ ಬಂದಾಗ ತಿರುಳು ಊದಲು ನೋಡುತ್ತದೆ, ಜಾಗ ಸಿಗುವುದಿಲ್ಲ, ಒಳಗೆ ಒತ್ತಡ ಏರುತ್ತದೆ. ಮಲಗಿದಾಗ ತಲೆಯ ಕಡೆ ರಕ್ತ ಜಾಸ್ತಿ ಹರಿದು ಒತ್ತಡ ಇನ್ನೂ ಏರುತ್ತದೆ. ನಿಮಗೆ ರಾತ್ರಿ ನಿದ್ದೆ ಇಲ್ಲದ್ದು ಅದಕ್ಕೆ. ತಣ್ಣೀರಿಗೆ ರಕ್ತನಾಳ ಕುಗ್ಗಿ ಒತ್ತಡ ಸ್ವಲ್ಪ ಇಳಿಯುತ್ತದೆ. ಶುರುವಿನ ಹುಳುಕಿನಲ್ಲಿ ತಣ್ಣೀರು ಕುಡಿದರೆ ಜುಮ್ ಅಂದು, ಎರಡು ಕ್ಷಣದಲ್ಲಿ ಹೋಗಿಬಿಡುತ್ತದೆ. ಆಗ ಬಂದಿದ್ದರೆ ಹುಳುಕು ಕೆರೆದು ಸಿಮೆಂಟ್ ತುಂಬಿಸಿದ್ದರೆ ಸಾಕಾಗುತ್ತಿತ್ತು. ಬಿಸಿಗೆ ನೋವು ಎದ್ದು, ತಣ್ಣೀರಿಗೆ ಇಳಿಯುವ ಹಂತಕ್ಕೆ ಬಂದಾಗ ತಿರುಳು ಸಾಮಾನ್ಯವಾಗಿ ವಾಪಸ್ ಬರಲಾರದಷ್ಟು ದೂರ ಹೋಗಿರುತ್ತದೆ.

ಆಮೇಲೆ ಅದು ಸತ್ತಿತು. ಸತ್ತ ನರಕ್ಕೆ ನೋವು ಗೊತ್ತಾಗುವುದಿಲ್ಲ. ನೀವು ಮಾತ್ರೆ ತಿಂದ ದಿನಗಳೂ ನರ ಸತ್ತ ದಿನಗಳೂ ಒಂದೇ ಆದವು, ಹೆಸರು ಮಾತ್ರೆಗೆ ಬಂತು.

ಆಂಟಿಬಯೋಟಿಕ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮಾತ್ರೆ ನುಂಗಿದರೆ ಅದು ರಕ್ತದಲ್ಲಿ ಸೇರಿ, ರಕ್ತ ಹೋದ ಕಡೆಗೆಲ್ಲ ಹೋಗುತ್ತದೆ. ಸತ್ತ ಹಲ್ಲಿನ ಒಳಗೆ ರಕ್ತವೇ ಹೋಗುವುದಿಲ್ಲ. ರೋಗಾಣುಗಳಿಗೆ ಇದಕ್ಕಿಂತ ಒಳ್ಳೆಯ ಮನೆ ಬೇಕೇ? ಬೆಚ್ಚಗಿದೆ, ತೇವ ಇದೆ, ಕೊಳೆತ ತಿರುಳೇ ಊಟ, ಮೈಯ ಕಾವಲು ಪಡೆ ಬರಲು ದಾರಿ ಇಲ್ಲ. ಹಲ್ಲಿನ ಹೊರಗೆ, ಮೂಳೆಗೆ ಹರಡಿದ ಸೋಂಕನ್ನು ಮಾತ್ರೆ ಸ್ವಲ್ಪ ತಗ್ಗಿಸಬಹುದು. ಆದರೆ ಮೂಲ ಹಾಗೇ ಇರುತ್ತದೆ. ಅಮೆರಿಕದ ಡೆಂಟಲ್ ಅಸೋಸಿಯೇಷನ್ 2019ರಲ್ಲಿ ಕೊಟ್ಟ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಜ್ವರದಂಥ ಲಕ್ಷಣ ಇಲ್ಲದಿದ್ದರೆ, ಹಲ್ಲಿಗೆ ಮಾಡಬೇಕಾದ ಚಿಕಿತ್ಸೆ ಕೂಡಲೇ ಸಿಗುವಂತಿದ್ದರೆ, ಇಂಥ ಹಲ್ಲುನೋವಿಗೆ ಸಾಮಾನ್ಯವಾಗಿ ಆಂಟಿಬಯೋಟಿಕ್ ಬೇಡ. ನಮ್ಮಲ್ಲಿ ಮೆಡಿಕಲ್ ಸ್ಟೋರಿನವರು ಚೀಟಿ ಕೇಳದೆ ಕೊಡುತ್ತಾರೆ, ನಾವೂ ಕೇಳಿ ತಗೊಳ್ಳುತ್ತೇವೆ. ಇದರಲ್ಲಿ ಡಾಕ್ಟರುಗಳ ಪಾಲೂ ಇದೆ. ಫೋನಿನಲ್ಲೇ ಮಾತ್ರೆ ಹೆಸರು ಹೇಳಿ ಕಳಿಸಿದ ದಿನಗಳು ನನಗೂ ಇವೆ.

ಈಗ ಆ ಗುಳ್ಳೆ. ಕೆರೆ ತುಂಬಿದರೆ ಕೋಡಿ ಬೀಳುತ್ತದಲ್ಲ, ಹಾಗೆ ಅದು. ಬೇರಿನ ತುದಿಯಲ್ಲಿ ಕೀವು ಸೇರುತ್ತದೆ, ಮೂಳೆಯನ್ನು ಕೊರೆದುಕೊಂಡು ಒಸಡಿನ ತನಕ ದಾರಿ ಮಾಡಿಕೊಳ್ಳುತ್ತದೆ, ಅಲ್ಲಿ ಹೊರಗೆ ಹರಿಯುತ್ತದೆ. ಕೋಡಿ ಹರಿಯುತ್ತಿರುವವರೆಗೆ ಏರಿಯ ಮೇಲೆ ಒತ್ತಡ ಇಲ್ಲ, ಅದಕ್ಕೇ ನಿಮಗೆ ನೋವಿಲ್ಲ. ಕೋಡಿ ಕಟ್ಟಿಕೊಂಡ ದಿನ ಮುಖ ಊದುತ್ತದೆ. ಗುಳ್ಳೆಯನ್ನು ಉಗುರಿನಿಂದ ಒಡೆಯಬೇಡಿ, ಅರಿಶಿನ ಹಚ್ಚಿ ಮುಚ್ಚಿಸಲು ಹೋಗಬೇಡಿ. ಹಲ್ಲು ಸರಿಯಾದರೆ ಒಂದೆರಡು ವಾರದಲ್ಲಿ ಅದು ತಾನೇ ಮಾಯವಾಗುತ್ತದೆ. ನಾವು ಚಿಕಿತ್ಸೆ ಸರಿಹೋಗುತ್ತಿದೆಯೋ ಇಲ್ಲವೋ ಎಂದು ನೋಡುವುದೂ ಅದರಿಂದಲೇ.

‘ಹುಳುಕು’ ಎಂಬ ಮಾತಿನಲ್ಲೇ ಹುಳ ಕೂತಿದೆ. ಜಾತ್ರೆಗಳಲ್ಲಿ ಗುಳ್ಳದ ಬೀಜದ ಹೊಗೆ ಹಾಕಿಸಿ ‘ಹಲ್ಲಿನ ಹುಳ ಬಿತ್ತು’ ಎಂದು ತೋರಿಸುವವರು ಮೊದಲು ಇರುತ್ತಿದ್ದರು. ನಮ್ಮ ಅಜ್ಜಿಯೂ ಹಾಕಿಸಿಕೊಂಡಿದ್ದರು. ಈ ನಂಬಿಕೆ ನಮ್ಮದೊಂದೇ ಅಲ್ಲ, ಬ್ಯಾಬಿಲೋನಿನ ಮಣ್ಣಿನ ಹಲಗೆಗಳಲ್ಲೂ ಹಲ್ಲಿನ ಹುಳದ ಮಂತ್ರ ಇದೆ. ನಿಜವಾದ ಕಳ್ಳ ಕಣ್ಣಿಗೆ ಕಾಣದ ರೋಗಾಣು. 1965ರಲ್ಲಿ ಅಮೆರಿಕದಲ್ಲಿ ಕಾಕೆಹಾಶಿ ಮತ್ತು ಜೊತೆಗಾರರು ಒಂದು ಸರಳವಾದ ಪ್ರಯೋಗ ಮಾಡಿದರು. ಇಲಿಗಳ ಹಲ್ಲಿಗೆ ತೂತು ಕೊರೆದು ತಿರುಳನ್ನು ತೆರೆದೇ ಬಿಟ್ಟರು. ಕೆಲವು ಮಾಮೂಲಿ ಇಲಿಗಳು, ಕೆಲವು ಹುಟ್ಟಿನಿಂದ ಒಂದೂ ರೋಗಾಣು ಸೋಕದಂತೆ ಸಾಕಿದವು. ಮಾಮೂಲಿ ಇಲಿಗಳ ತಿರುಳು ಕೊಳೆತು ಕೀವಾಯಿತು. ರೋಗಾಣು ಇಲ್ಲದ ಇಲಿಗಳಲ್ಲಿ ತೂತಿನೊಳಗೆ ಊಟದ ಚೂರು ತುಂಬಿಕೊಂಡಿದ್ದರೂ ತಿರುಳು ಬದುಕಿತ್ತು, ಗಾಯಕ್ಕೆ ಹೊಸ ಡೆಂಟಿನ್ ಕಟ್ಟಿಕೊಂಡಿತ್ತು. ರೂಟ್ ಕೆನಾಲಿನ ಪೂರ್ತಿ ತರ್ಕ ಈ ಇಲಿಗಳಲ್ಲಿದೆ. ರೋಗಾಣು ತೆಗೆಯಿರಿ, ಮತ್ತೆ ಒಳಗೆ ಬರದಂತೆ ಮುಚ್ಚಿರಿ. ಮಿಕ್ಕಿದ್ದನ್ನು ಮೈ ನೋಡಿಕೊಳ್ಳುತ್ತದೆ.

ಹಾಗಾದರೆ ಕುರ್ಚಿಯ ಮೇಲೆ ಕೂತಾಗ ಏನು ನಡೆಯುತ್ತದೆ? ಮೊದಲು ಇಂಜೆಕ್ಷನ್. ಕೆಳದವಡೆಗೆ ಹಿಂದೆ, ನರ ಮೂಳೆಯೊಳಗೆ ಹೋಗುವ ಜಾಗದಲ್ಲಿ ಕೊಡುತ್ತಾರೆ. ಆ ಕಡೆಯ ತುಟಿ, ನಾಲಿಗೆ ಎರಡು ಮೂರು ಗಂಟೆ ಮರಗಟ್ಟುತ್ತವೆ. ರೂಟ್ ಕೆನಾಲ್ ಅಂದರೆ ಚಿತ್ರಹಿಂಸೆ ಎನ್ನುವ ಹೆಸರು ಬಂದಿರುವುದು ಉರಿಯುತ್ತಿರುವ ಹಲ್ಲುಗಳಿಂದ. ಕೀವು, ಉರಿ ಇರುವ ಜಾಗ ಆಮ್ಲೀಯವಾಗಿರುತ್ತದೆ, ಅಲ್ಲಿ ಮರಗಟ್ಟಿಸುವ ಮದ್ದು ಸರಿಯಾಗಿ ಕೆಲಸ ಮಾಡುವುದಿಲ್ಲ. ನೀವು ಎರಡು ತಿಂಗಳ ಹಿಂದೆ ಆ ರಾತ್ರಿ ನೋವಿನಲ್ಲಿ ಬಂದಿದ್ದರೆ ನಮಗೂ ಕಷ್ಟ, ನಿಮಗೂ ಕಷ್ಟ. ಈಗ ನಿಮ್ಮ ನರ ಸತ್ತಿರುವುದರಿಂದ ಚಿಕಿತ್ಸೆಯ ಹೊತ್ತಿನಲ್ಲಿ ಹೆಚ್ಚು ನೋವು ಇರಲಾರದು. ನೋವಾದರೆ ಎಡಗೈ ಎತ್ತಿ, ನಿಲ್ಲಿಸುತ್ತಾರೆ, ಇನ್ನೊಂದು ಸ್ವಲ್ಪ ಮದ್ದು ಕೊಡುತ್ತಾರೆ. ಹಲ್ಲು ಕಚ್ಚಿ ಸಹಿಸಿಕೊಳ್ಳುವ ಶೌರ್ಯ ಇಲ್ಲಿ ಬೇಡ. ಹಲ್ಲು ಕಚ್ಚಿದರೆ ನಮಗೆ ಕೆಲಸ ಮಾಡಲೂ ಆಗುವುದಿಲ್ಲ.

ಆಮೇಲೆ ಒಂದು ರಬ್ಬರ್ ಹಾಳೆಯನ್ನು ಹಲ್ಲಿನ ಸುತ್ತ ಬಿಗಿಯುತ್ತಾರೆ, ಆ ಒಂದು ಹಲ್ಲು ಮಾತ್ರ ಹೊರಗೆ ಕಾಣುವ ಹಾಗೆ. ರಬ್ಬರ್ ಡ್ಯಾಮ್ ಎಂದು ಹೆಸರು. 1864ರಲ್ಲಿ ನ್ಯೂಯಾರ್ಕಿನ ಬಾರ್ನಮ್ ಎಂಬ ದಂತವೈದ್ಯರು ಕಂಡುಹಿಡಿದದ್ದು. ಎಂಜಲಿನ ರೋಗಾಣು ಹಲ್ಲೊಳಗೆ ಹೋಗದಂತೆ, ನಮ್ಮ ಸಣ್ಣ ಸಣ್ಣ ಸೂಜಿಗಳು ನಿಮ್ಮ ಗಂಟಲಿಗೆ ಜಾರದಂತೆ ಅದು ಕಾಯುತ್ತದೆ. ಇದನ್ನು ಹಾಕದೆ ಕೆಲಸ ಮಾಡುವವರು ಇನ್ನೂ ಬೇಕಾದಷ್ಟು ಜನ ಇದ್ದಾರೆ. ನೀವು ಮುಂಚೆಯೇ ‘ರಬ್ಬರ್ ಡ್ಯಾಮ್ ಹಾಕ್ತೀರಾ ಡಾಕ್ಟರೇ?’ ಎಂದು ಕೇಳಿ. ಒಳ್ಳೆಯ ಡಾಕ್ಟರಿಗೆ ಆ ಪ್ರಶ್ನೆಯಿಂದ ಖುಷಿಯೇ ಆಗುತ್ತದೆ.

ಹುಳುಕು ತೆಗೆದು, ಮೇಲಿನಿಂದ ಬಾಗಿಲು ಕೊರೆದು, ಕೊಳವೆಗಳ ಬಾಯಿ ಹುಡುಕುವುದು ಮುಂದಿನ ಕೆಲಸ. ನಮ್ಮ ಕೌಶಲ, ತಾಳ್ಮೆ ಎಲ್ಲ ಇಲ್ಲೇ ಖರ್ಚಾಗುವುದು. ನಿಮ್ಮದು ಕೆಳಗಿನ ಮೊದಲನೇ ದವಡೆ ಹಲ್ಲಾದರೆ (ಆರನೇ ವಯಸ್ಸಿನ ಸುಮಾರಿಗೆ ಬರುವ ಈ ಹಲ್ಲೇ ಹೆಚ್ಚಾಗಿ ಹುಳುಕಾಗುವುದು) ಎರಡು ಬೇರು, ಸಾಮಾನ್ಯವಾಗಿ ಮೂರು ಕೊಳವೆ, ಎಷ್ಟೋ ಜನರಲ್ಲಿ ನಾಲ್ಕು. ಮೇಲಿನ ದವಡೆ ಹಲ್ಲಿಗೆ ಮೂರು ಬೇರು, ನಾಲ್ಕನೇ ಕೊಳವೆಯೊಂದು ಆಗಾಗ ಬಚ್ಚಿಟ್ಟುಕೊಂಡಿರುತ್ತದೆ. ನಾನು ಕೆಲಸ ಶುರು ಮಾಡಿದ ಹೊಸದರಲ್ಲಿ ಒಬ್ಬ ಮೇಷ್ಟ್ರಿಗೆ ಮೇಲಿನ ಹಲ್ಲಿಗೆ ಚಿಕಿತ್ಸೆ ಮಾಡಿದ್ದೆ. ಮೂರು ಕೊಳವೆ ಸಿಕ್ಕಿತು, ಎಕ್ಸ್‌ರೇ ಚಂದ ಬಂತು, ಬೀಗಿದೆ. ವರ್ಷ ಕಳೆದ ಮೇಲೆ ಅದೇ ಹಲ್ಲಿನ ಮೇಲೆ ಗುಳ್ಳೆಯೊಂದಿಗೆ ಬಂದರು. ಮತ್ತೆ ತೆರೆದು, ಕನ್ನಡಿ ಹಿಡಿದು, ಒಂದೂವರೆ ಗಂಟೆ ಹುಡುಕಿದ ಮೇಲೆ ನಾಲ್ಕನೆಯದರ ಬಾಯಿ ಕಂಡಿತು, ಪೆನ್ಸಿಲ್ ಚುಕ್ಕಿಯಷ್ಟು. ‘ಹಾಜರಿ ತಗೊಳ್ಳುವಾಗ ಒಬ್ಬನನ್ನ ಬಿಟ್ಟುಬಿಟ್ಟಿದ್ರಿ’ ಎಂದು ಮೇಷ್ಟ್ರು ನಕ್ಕರು. ನನಗೆ ನಗು ಬರಲಿಲ್ಲ. ಒಂದು ಕೊಳವೆ ಉಳಿದರೂ ಹಲ್ಲು ಉಳಿಯುವುದಿಲ್ಲ.

ಕೊಳವೆಗಳನ್ನು ಉಜ್ಜುವುದಕ್ಕೆ ಫೈಲ್ ಎಂಬ ಸೂಜಿಯಂಥ ಸಾಧನ. ಹತ್ತನೇ ನಂಬರಿನ ಫೈಲಿನ ತುದಿ 0.10 ಮಿಲಿಮೀಟರ್ ದಪ್ಪ. ಅಲ್ಲಿಂದ ಒಂದೊಂದೇ ಮೆಟ್ಟಿಲು ಏರುತ್ತಾ ಕೊಳವೆಯನ್ನು ಅಗಲ ಮಾಡುತ್ತೇವೆ. ತುದಿ ಎಲ್ಲಿದೆ ಎಂದು ತಿಳಿಯಲು ತುಟಿಗೆ ಒಂದು ಕೊಕ್ಕೆ ಸಿಕ್ಕಿಸಿ, ಫೈಲಿಗೆ ಒಂದು ವೈರ್ ಜೋಡಿಸುತ್ತೇವೆ. ಫೈಲ್ ಬೇರಿನ ತುದಿ ಮುಟ್ಟುತ್ತಿದ್ದಂತೆ ಯಂತ್ರ ಕೀಂ ಕೀಂ ಎನ್ನುತ್ತದೆ. ಅದು ಅಲಾರಂ ಎಂದು ಗಾಬರಿಯಾಗಬೇಡಿ. ಹೆಚ್ಚು ಕಡಿಮೆ 20 ಮಿಲಿಮೀಟರ್ ಉದ್ದದ ಕೆಲಸ, ಆದರೆ ಒಂದು ಮಿಲಿಮೀಟರ್ ಕಡಿಮೆಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟ.

ಫೈಲಿಗಿಂತ ದೊಡ್ಡ ಕೆಲಸ ಮಾಡುವುದು ತೊಳೆಯುವ ನೀರು. ಕೊಳವೆ ಅಂದರೆ ನಲ್ಲಿ ಪೈಪಿನ ಹಾಗೆ ದುಂಡಗೆ, ನೆಟ್ಟಗೆ ಇರುವುದಿಲ್ಲ. ಸೀಳು, ಕವಲು, ಮೂಲೆ ಎಲ್ಲ ಇರುತ್ತವೆ. ಫೈಲ್ ಮುಟ್ಟದ ಗೋಡೆಗಳು ಉಳಿದೇ ಉಳಿಯುತ್ತವೆ. ಅಲ್ಲಿಗೆ ಹೋಗುವುದು ಸೋಡಿಯಂ ಹೈಪೋಕ್ಲೋರೈಟ್. ಬಟ್ಟೆ ಬಿಳಿ ಮಾಡುವ ಬ್ಲೀಚ್ ಇದೆಯಲ್ಲ, ಅದೇ ಜಾತಿ. ಮೊದಲನೇ ಮಹಾಯುದ್ಧದಲ್ಲಿ ಸೈನಿಕರ ಗಾಯ ತೊಳೆಯಲು ಡೇಕಿನ್ ಎಂಬ ವಿಜ್ಞಾನಿ ಇದನ್ನು ತೆಳುಮಾಡಿ ಬಳಸಿದರು. ಹಲ್ಲಿನೊಳಗೆ ಇದು ರೋಗಾಣು ಕೊಲ್ಲುವುದರ ಜೊತೆಗೆ ಕೊಳೆತ ತಿರುಳನ್ನೇ ಕರಗಿಸುತ್ತದೆ. ಬಾಯಿಗೆ ಒಂದು ಹನಿ ಬಿದ್ದರೆ ಈಜುಕೊಳದ ವಾಸನೆ ಬರುತ್ತದೆ. ರಬ್ಬರ್ ಡ್ಯಾಮ್ ಬೇಕು ಅಂದೆನಲ್ಲ, ಅದಕ್ಕೆ ಇದೂ ಒಂದು ಕಾರಣ.

ಮೂರು ಸಲ ಯಾಕೆ ಬರಬೇಕು? ಫೀಸು ಏರಿಸಲಿಕ್ಕೆ ಎಂದು ನಿಮ್ಮ ಮನಸ್ಸಿನಲ್ಲಿ ಬಂದಿರಬಹುದು. ನಿಜ ಹೇಳಬೇಕೆಂದರೆ ಒಂದೇ ಸಲಕ್ಕೆ ಮುಗಿಸಿದರೂ, ಎರಡು ಮೂರು ಸಲ ಮಾಡಿದರೂ ಕೊನೆಯ ಫಲಿತಾಂಶದಲ್ಲಿ ದೊಡ್ಡ ವ್ಯತ್ಯಾಸ ಕಂಡಿಲ್ಲ. ಆದರೆ ಗುಳ್ಳೆಯಿಂದ ಕೀವು ಬರುತ್ತಿರುವಾಗ ಕೊಳವೆ ಒಣಗುವುದೇ ಇಲ್ಲ, ಒಣಗದೆ ತುಂಬುವ ಹಾಗಿಲ್ಲ. ನಿಮ್ಮಂಥ ಹಲ್ಲಿಗೆ ನಾನಾದರೂ ಒಮ್ಮೆ ತೊಳೆದು, ಒಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇಟ್ಟು, ಒಂದೆರಡು ವಾರ ಕಾದು, ಗುಳ್ಳೆ ಬತ್ತಿದ್ದನ್ನು ನೋಡಿ ಮುಂದುವರಿಯುತ್ತೇನೆ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅಂದರೆ ಎಲೆಗೆ ಹಚ್ಚುವ ಸುಣ್ಣವೇ, ಔಷಧಕ್ಕೆ ಬೇಕಾದಷ್ಟು ಶುದ್ಧ ಮಾಡಿದ್ದು. ಆ ಖಾರಕ್ಕೆ ಹೆಚ್ಚಿನ ರೋಗಾಣು ಉಳಿಯುವುದಿಲ್ಲ. ಇದನ್ನು ಓದಿ ಮನೆಯಲ್ಲಿ ಹುಳುಕು ಹಲ್ಲಿಗೆ ಸುಣ್ಣ ಮೆತ್ತಬೇಡಿ, ಒಸಡು ಸುಟ್ಟುಹೋಗುತ್ತದೆ. ಲವಂಗದ ಎಣ್ಣೆಯೂ ಹಾಗೇ. ಹತ್ತಿಯಲ್ಲಿ ಒಂದು ತೊಟ್ಟು, ಹುಳುಕಿನ ಗುಂಡಿಗೆ ಮಾತ್ರ, ಅದೂ ಡಾಕ್ಟರ ಹತ್ತಿರ ಹೋಗುವವರೆಗೆ.

ಕೊನೆಗೆ ಖಾಲಿ ಕೊಳವೆಗಳನ್ನು ತುಂಬುತ್ತಾರೆ. ತುಂಬುವ ವಸ್ತುವಿನ ಹೆಸರು ಗಟ್ಟಾ ಪರ್ಚಾ. ಮಲಯ ದೇಶದ ಕಾಡುಗಳ ಒಂದು ಮರದ ಹಾಲು. ನಮ್ಮ ಸಪೋಟ ಇದೆಯಲ್ಲ, ಅದೇ ಕುಟುಂಬದ ಮರ. ಹತ್ತೊಂಬತ್ತನೇ ಶತಮಾನದಲ್ಲಿ ಸಮುದ್ರದಡಿ ಟೆಲಿಗ್ರಾಫ್ ತಂತಿ ಎಳೆದಾಗ ನೀರು ತಾಗದಂತೆ ಹೊದಿಸಿದ್ದು ಇದನ್ನೇ. ಬಿಸಿಗೆ ಮೆತ್ತಗಾಗುತ್ತದೆ, ತಣ್ಣಗಾದರೆ ಬಿಗಿಯುತ್ತದೆ, ಮೈಗೆ ಒಗ್ಗುತ್ತದೆ. 1860ರ ದಶಕದಿಂದ ಹಲ್ಲಿನ ಬೇರಿಗೆ ತುಂಬುತ್ತಾ ಬಂದಿದ್ದೇವೆ. ಎಷ್ಟೋ ಹೊಸ ವಸ್ತುಗಳು ಬಂದವು, ಈ ಮರದ ಹಾಲಿನ ಜಾಗ ಇನ್ನೂ ಯಾವುದೂ ಪೂರ್ತಿ ಕಿತ್ತುಕೊಂಡಿಲ್ಲ.

ಮೊದಲ ಸಲ ಮುಗಿದ ಮೇಲೆ ಎರಡು ಮೂರು ದಿನ ಕಚ್ಚಿದರೆ ಸ್ವಲ್ಪ ನೋವು ಇರುವುದು ಮಾಮೂಲು. ನೋವೇ ಇಲ್ಲದೆ ಬಂದ ಕೆಲವರಿಗೆ ಮಾತ್ರ ಮನೆಗೆ ಹೋದ ಮೇಲೆ ನೋವು ಕೆರಳಿ, ಕೆನ್ನೆ ಊದುವುದೂ ಉಂಟು. ಮಲಗಿದ್ದ ರೋಗಾಣುಗಳನ್ನು ಕೆಣಕಿದ ಹಾಗೆ. ಇದನ್ನು ಮೊದಲೇ ಹೇಳದಿದ್ದರೆ ‘ಸುಮ್ಮನಿದ್ದ ಹಲ್ಲನ್ನು ಡಾಕ್ಟರು ಕೆಡಿಸಿದರು’ ಎಂದು ಇಡೀ ಊರಿಗೆ ಸುದ್ದಿಯಾಗುತ್ತದೆ. ಹಾಗಾದರೆ ಫೋನ್ ಮಾಡಿ, ಮತ್ತೆ ತೆರೆದು ತೊಳೆದರೆ ಇಳಿಯುತ್ತದೆ.

ಇನ್ನು ನಿಮ್ಮ ಭಾವನವರ ಮಾತು. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ರೂಟ್ ಕೆನಾಲ್ ಆದ ದವಡೆ ಹಲ್ಲು ಮುರಿಯುವುದನ್ನು ನಾನೂ ಬೇಕಾದಷ್ಟು ನೋಡಿದ್ದೇನೆ. ಆದರೆ ವಿಚಾರಿಸಿದರೆ ಹತ್ತರಲ್ಲಿ ಎಂಟು ಜನ ಕ್ಯಾಪ್ ಹಾಕಿಸಿರುವುದಿಲ್ಲ. ನೋವು ಹೋಯಿತು, ತಾತ್ಕಾಲಿಕ ಸಿಮೆಂಟ್ ಇದೆ, ಹಬ್ಬ ಕಳೆಯಲಿ, ಮದುವೆ ಮುಗಿಯಲಿ ಎಂದು ಮುಂದೂಡುತ್ತಾರೆ. ಹುಳುಕು ಅರ್ಧ ತಿಂದಿರುತ್ತದೆ, ನಾವು ಬಾಗಿಲು ಕೊರೆದು ಇನ್ನಷ್ಟು ತೆಗೆದಿರುತ್ತೇವೆ. ಮೇಲುಛಾವಣಿ ಇಲ್ಲದೆ ನಾಲ್ಕು ಗೋಡೆ ನಿಂತ ಮನೆಯಂಥ ಹಲ್ಲು. ಒಂದು ದಿನ ನಿಪ್ಪಟ್ಟು ಕಚ್ಚಿದಾಗ ಗೋಡೆ ಸೀಳುತ್ತದೆ. ಸೀಳು ಬೇರಿಗೆ ಇಳಿದರೆ ಅಲ್ಲಿಗೆ ಕತೆ ಮುಗಿಯಿತು, ಕೀಳಲೇಬೇಕು. 2002ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ರೂಟ್ ಕೆನಾಲ್ ಆದ ಮೇಲೆ ಕ್ಯಾಪ್ ಹಾಕದ ಹಲ್ಲುಗಳು ಹಾಕಿದವುಗಳಿಗಿಂತ 6 ಪಟ್ಟು ಹೆಚ್ಚು ವೇಗದಲ್ಲಿ ಕಳೆದುಹೋಗಿದ್ದವು. ಹಾಗಾಗಿ ಕ್ಯಾಪಿಗೆ ದುಡ್ಡು, ಸಮಯ ಎರಡೂ ಇಟ್ಟುಕೊಂಡೇ ಶುರು ಮಾಡಿ. ದವಡೆ ಹಲ್ಲಿಗೆ ಅದು ಅಲಂಕಾರ ಅಲ್ಲ, ಚಿಕಿತ್ಸೆಯ ಕೊನೆಯ ಭಾಗ. ಬಣ್ಣದ ಚಿಂತೆ ಇಲ್ಲದಿದ್ದರೆ ಹಿಂದಿನ ಹಲ್ಲಿಗೆ ಪೂರ್ತಿ ಲೋಹದ ಕ್ಯಾಪ್ ಕಡಿಮೆ ಬೆಲೆಗೆ ಚೆನ್ನಾಗಿ ಬಾಳುತ್ತದೆ. ಜಿರ್ಕೋನಿಯಾ ಬಿಳಿ, ಗಟ್ಟಿ, ದುಬಾರಿ.

ಕೀಳಿಸಿದರೆ? ಆ ದಿನಕ್ಕೆ ಅಗ್ಗ, ಬೇಗ ಮುಗಿಯುತ್ತದೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂದವಾಗುತ್ತದೆ ಎಂಬುದೆಲ್ಲ ಸುಳ್ಳು, ಆ ಭಯ ಬೇಡ. ತೊಂದರೆ ಆಮೇಲೆ ಬರುತ್ತದೆ. ಪಕ್ಕದ ಹಲ್ಲು ನಿಧಾನಕ್ಕೆ ಖಾಲಿ ಜಾಗಕ್ಕೆ ವಾಲುತ್ತದೆ. ಮೇಲಿನ ಹಲ್ಲಿಗೆ ಎದುರಾಳಿ ಇಲ್ಲದೆ ಕೆಳಗೆ ಇಳಿಯುತ್ತದೆ. ನಡುವೆ ಊಟ ಸಿಕ್ಕಿಕೊಂಡು ಇನ್ನೆರಡು ಹಲ್ಲು ಹುಳುಕಾಗುತ್ತವೆ. ಖಾಲಿ ಜಾಗ ತುಂಬಿಸಲು ಬ್ರಿಡ್ಜ್ ಮಾಡಿಸಿದರೆ ಅಕ್ಕಪಕ್ಕದ ಎರಡು ಒಳ್ಳೆ ಹಲ್ಲು ಅರೆಯಬೇಕು. ಇಂಪ್ಲಾಂಟ್ ಹಾಕಿಸಿದರೆ ರೂಟ್ ಕೆನಾಲ್, ಕ್ಯಾಪ್ ಎರಡೂ ಸೇರಿದ ಖರ್ಚನ್ನು ಮೀರುತ್ತದೆ. ಹಾಗಂತ ಎಲ್ಲ ಹಲ್ಲನ್ನೂ ಉಳಿಸಬೇಕೆಂಬ ಹಟ ನನಗಿಲ್ಲ. ಬೇರಿನ ತನಕ ಸೀಳಿದ್ದರೆ, ಕ್ಯಾಪ್ ಹಿಡಿಯಲು ಒಸಡಿನ ಮೇಲೆ ಹಲ್ಲೇ ಉಳಿದಿಲ್ಲದಿದ್ದರೆ, ಸುತ್ತಲಿನ ಮೂಳೆ ಕರಗಿ ಹಲ್ಲು ತೀರಾ ಅಲ್ಲಾಡುತ್ತಿದ್ದರೆ, ಕೀಳಿಸಿ ಎಂದು ನಾನೇ ಹೇಳುತ್ತೇನೆ. ನಿಮ್ಮ ಡಾಕ್ಟರು ಎಕ್ಸ್‌ರೇ ನೋಡಿ ಉಳಿಸಬಹುದು ಎಂದಿದ್ದಾರೆ. ನಿಮ್ಮ ಭಾವ ನೋಡಿಲ್ಲ.

ಎಷ್ಟು ಗ್ಯಾರಂಟಿ ಎಂದು ಕೇಳಬಹುದು. ಬೇರಿನ ತುದಿಯ ಮೂಳೆಗೆ ಸೋಂಕು ತಲುಪುವ ಮೊದಲೇ ಮಾಡಿದರೆ ಹತ್ತರಲ್ಲಿ ಒಂಬತ್ತು ಹಲ್ಲು ಸರಿಹೋಗುತ್ತವೆ. ನಿಮ್ಮಂತೆ ತಲುಪಿದ ಮೇಲೆ ಹತ್ತರಲ್ಲಿ ಎಂಟರ ಆಸುಪಾಸು. ಎರಡು ತಿಂಗಳ ಹಿಂದೆ ಬಂದಿದ್ದರೆ ಲೆಕ್ಕ ಇನ್ನೂ ಚೆನ್ನಾಗಿರುತ್ತಿತ್ತು, ಅಷ್ಟೇ ವ್ಯತ್ಯಾಸ. ಕರಗಿದ ಮೂಳೆ ಮತ್ತೆ ತುಂಬಿಕೊಳ್ಳಲು ಆರು ತಿಂಗಳು, ವರ್ಷ ಬೇಕು. ಒಂದು ವರ್ಷಕ್ಕೆ ಇನ್ನೊಂದು ಎಕ್ಸ್‌ರೇ ತೆಗೆಸಲು ಮರೆಯಬೇಡಿ. ಕ್ಯಾಪ್ ಹಾಕಿಸಿದವರು ಯಾರೂ ಅದಕ್ಕೆ ವಾಪಸ್ ಬರುವುದಿಲ್ಲ.

ನೀವು ಕೇಳಿಲ್ಲ, ಆದರೆ ವಾಟ್ಸಾಪಿನಲ್ಲಿ ಯಾರಾದರೂ ಕಳಿಸೇ ಕಳಿಸುತ್ತಾರೆ: ರೂಟ್ ಕೆನಾಲ್ ಮಾಡಿಸಿದರೆ ಕ್ಯಾನ್ಸರ್ ಬರುತ್ತದೆ, ಹೃದಯ ಕೆಡುತ್ತದೆ ಅಂತ. ಇದು ನೂರು ವರ್ಷ ಹಳೆಯ ವದಂತಿ. 1910ರ ಸುಮಾರಿಗೆ, ಸಂಧಿವಾತದಿಂದ ಹಿಡಿದು ಮೈಯ ನಾನಾ ಕಾಯಿಲೆಗಳಿಗೆ ಸತ್ತ ಹಲ್ಲೇ ಮೂಲ ಎಂಬ ವಾದ ಪಶ್ಚಿಮದಲ್ಲಿ ಎದ್ದಿತು. ಅದನ್ನು ನಂಬಿ ಎಷ್ಟೋ ಜನರ ಒಳ್ಳೆ ಹಲ್ಲುಗಳನ್ನೂ ಕಿತ್ತರು. ಹಲ್ಲು ಹೋದವು, ಕಾಯಿಲೆ ಉಳಿದವು. ಆ ವಾದ ಬಿದ್ದುಹೋಗಿ ದಶಕಗಳಾದವು, ಸಂದೇಶ ಮಾತ್ರ ಸುತ್ತುತ್ತಿದೆ.

ಖರ್ಚು ಊರಿಂದ ಊರಿಗೆ, ಡಾಕ್ಟರಿಂದ ಡಾಕ್ಟರಿಗೆ ಬದಲು. ಕ್ಯಾಪ್ ಸೇರಿ ಒಟ್ಟು ಎಷ್ಟು ಎಂದು ಮೊದಲೇ ಕೇಳಿ ಬರೆಸಿಕೊಳ್ಳಿ. ಕೈಗೆ ಭಾರ ಅನ್ನಿಸಿದರೆ ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿದೆ, ಬೇರೆ ಕಾಲೇಜುಗಳೂ ಇವೆ. ಅಲ್ಲಿ ಎಂಡೊಡಾಂಟಿಕ್ಸ್ ವಿಭಾಗ ಎಂದು ಕೇಳಿಕೊಂಡು ಹೋಗಿ. ಬಿಡಿಎಸ್ ಮುಗಿಸಿ ಮೂರು ವರ್ಷ ಈ ಕೆಲಸವನ್ನೇ ಕಲಿಯುವ ಪಿಜಿ ವಿದ್ಯಾರ್ಥಿಗಳು ಪ್ರೊಫೆಸರುಗಳ ಕಣ್ಣ ಮುಂದೆ ಮಾಡುತ್ತಾರೆ. ಖರ್ಚು ಬಹಳ ಕಡಿಮೆ. ಹೊತ್ತು ಮಾತ್ರ ಜಾಸ್ತಿ ಹಿಡಿಯುತ್ತದೆ.

ತಡ ಮಾಡಬಾರದ ವಿಷಯ ಒಂದಿದೆ. ದವಡೆಯ ಕೆಳಗೆ ಅಥವಾ ನಾಲಿಗೆಯ ಅಡಿ ಊತ ಬಂದರೆ, ಬಾಯಿ ತೆರೆಯಲು, ಎಂಜಲು ನುಂಗಲು ಕಷ್ಟವಾದರೆ, ಜೊತೆಗೆ ಜ್ವರ ಇದ್ದರೆ, ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಅದೇ ರಾತ್ರಿ ದೊಡ್ಡ ಆಸ್ಪತ್ರೆಗೆ ಹೋಗಿ. ಕೆಳಗಿನ ದವಡೆ ಹಲ್ಲಿನ ಕೀವು ಕತ್ತಿನ ಕಡೆ ಇಳಿದರೆ ಉಸಿರಿನ ದಾರಿಯನ್ನೇ ಒತ್ತುತ್ತದೆ. ಇದನ್ನು 1836ರಲ್ಲಿ ಬರೆದಿಟ್ಟ ಜರ್ಮನ್ ವೈದ್ಯ ಲುಡ್ವಿಗ್ ಅವರ ಹೆಸರೇ ಆ ಸ್ಥಿತಿಗೆ ಇದೆ. ಆಗ ಆಂಟಿಬಯೋಟಿಕ್ ಬೇಕೇ ಬೇಕು, ಅದೂ ರಕ್ತನಾಳದ ಮೂಲಕ. ಅಪರೂಪ, ಆದರೆ ಸಕ್ಕರೆ ಕಾಯಿಲೆ ಇರುವವರಿಗೆ ಅಷ್ಟು ಅಪರೂಪವಲ್ಲ.

ಸಕ್ಕರೆ ಕಾಯಿಲೆ ಇದೆ ಎಂಬುದು ರೂಟ್ ಕೆನಾಲ್ ಬೇಡ ಅನ್ನಲು ಕಾರಣ ಅಲ್ಲ, ಬೇಗ ಮಾಡಿಸಲು ಕಾರಣ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಸೋಂಕು ಆರುವುದು ನಿಧಾನ. ಸೋಂಕು ಇದ್ದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಒಂದಕ್ಕೊಂದು ಗಂಟು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ರಿಪೋರ್ಟು ಇದ್ದರೆ ತಗೊಂಡು ಹೋಗಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಬೆಳಗಿನ ಹೊತ್ತೇ ಅಪಾಯಿಂಟ್‌ಮೆಂಟ್ ಕೇಳಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಎಷ್ಟೋ ಜನ ಆಪರೇಷನ್ ಎಂದುಕೊಂಡು ಉಪವಾಸ ಬಂದು ಕುರ್ಚಿಯಲ್ಲೇ ತಲೆಸುತ್ತಿ ಬಿದ್ದಿದ್ದಾರೆ. ಹೊಟ್ಟೆ ತುಂಬ ತಿಂಡಿ ತಿಂದು, ದಿನದ ಮಾತ್ರೆ ನುಂಗಿ, ಹಲ್ಲುಜ್ಜಿಕೊಂಡು ಹೋಗಿ. ವಾಪಸ್ ಬಂದ ಮೇಲೆ ತುಟಿಯ ಜೋಮು ಬಿಡುವವರೆಗೆ ಏನನ್ನೂ ಅಗಿಯಬೇಡಿ. ತುಟಿ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ.